ತಕ್ಕಡಿ ಅಕ್ಕನ ದೀಪದವಳು

ಸರಕು ಕಂಡ ತಕ್ಷಣ ಕೈ ಹಾಕುವುದು ನನ್ನ ಅಭ್ಯಾಸವಲ್ಲ. ಸುತ್ತ ಒಂದು ಸಲ ತಿರುಗಿ, ಬೆನ್ನು ನೋಡಿ, ಆಮೇಲೆ ಮುಖ ನೋಡುತ್ತೇನೆ. ತಕ್ಕಡಿ ಅಕ್ಕನನ್ನೂ ಹಾಗೇ ನೋಡಿದೆ. ವಯಸ್ಸು ಈಗ ಐವತ್ತೊಂದು. ಎತ್ತರ ನನ್ನ ಅಂಗಡಿಯ ಕೌಂಟರಿಗಿಂತ ಎರಡು ಗೇಣು ಜಾಸ್ತಿ. ಮೈಮೇಲೆ ಹೇಳಿಕೊಳ್ಳುವಂಥ ಮಾಂಸವಿಲ್ಲ, ಆದರೆ ಇಪ್ಪತ್ತು ಕಿಲೋದ ತೂಕದ ಬಟ್ಟನ್ನು ಉಸಿರು ಬಿಗಿಹಿಡಿಯದೆ ನೆಲದಿಂದ ಮೇಜಿಗೆ ಎತ್ತಿಡುತ್ತಾರೆ. ಕನ್ನಡಕದ ಒಂದು ಕಡ್ಡಿಗೆ ತಾಮ್ರದ ತಂತಿ ಸುತ್ತಿದೆ. ನಗು ಉಂಟು, ಆದರೆ ಮಾದರಿ ತೋರಿಸಿ ಒಳಗಿಟ್ಟುಕೊಳ್ಳುವಷ್ಟೇ. ಒಟ್ಟಿನಲ್ಲಿ ಗೋದಾಮಿನ ಹಿಂದಿನ ಸಾಲಿಗೆ ಹೋಗುವ ಮಾಲು, ಯಾರೂ ಕೇಳಿಕೊಂಡು ಬರುವುದಿಲ್ಲ ಎಂದು ನಾನು ಮೊದಲ ದಿನವೇ ತೀರ್ಮಾನ ಮಾಡಿಬಿಟ್ಟಿದ್ದೆ. ನನ್ನ ಅಂದಾಜು ತಪ್ಪುವುದು ಅಪರೂಪ. ತಪ್ಪಿತೆಂದು ನಾನು ಬಾಯಿಬಿಟ್ಟು ಹೇಳುವುದು ಇನ್ನೂ ಅಪರೂಪ.

ಅವರ ಕಸುಬು ತಕ್ಕಡಿ ರಿಪೇರಿ. ತಂದೆಯಿಂದ ಬಂದದ್ದು. ತರಕಾರಿ ಅಂಗಡಿಯ ಕೈತಕ್ಕಡಿಯಿಂದ ಹಿಡಿದು ಗುಜರಿಯವನ ನೆಲದ ಕಾಟಾದವರೆಗೆ, ಅಂಚೆ ಕಚೇರಿಯ ಪುಟ್ಟ ಯಂತ್ರದಿಂದ ಆಸ್ಪತ್ರೆಯಲ್ಲಿ ಕೂಸುಗಳನ್ನು ಮಲಗಿಸಿ ತೂಗುವ ತೊಟ್ಟಿಯವರೆಗೆ, ಈ ಊರಿನಲ್ಲಿ ಯಾವ ಮುಳ್ಳು ಓರೆಯಾದರೂ ಕರೆ ಹೋಗುವುದು ಅವರಿಗೇ. ಸೈಕಲ್ಲಿನ ಹಿಂದೆ ಒಂದು ಮರದ ಪೆಟ್ಟಿಗೆ, ಅದರಲ್ಲಿ ಹಿತ್ತಾಳೆಯ ಬಟ್ಟುಗಳು, ಮೆತ್ತನೆ ಬಟ್ಟೆ, ಎಣ್ಣೆಯ ಡಬ್ಬಿ. ನಾನು ಅವರಿಗಿಂತ ನಾಲ್ಕು ವರ್ಷ ದೊಡ್ಡವನು. ಆದರೂ ಅಕ್ಕ ಎನ್ನುತ್ತೇನೆ. ನಮ್ಮ ಬೀದಿಯ ಅಂಗಡಿಯವರೆಲ್ಲ ಹಾಗೇ ಕರೆಯುತ್ತಾರೆ. ಆ ಪೆಟ್ಟಿಗೆ ತೆರೆದರೆ ಯಾರ ತೂಕದಲ್ಲಿ ಎಷ್ಟು ಮೋಸ ಎಂದು ಗೊತ್ತಾಗುವಾಗ ಅಕ್ಕ ಎನ್ನುವುದೇ ಕ್ಷೇಮ. ಅವರು ನನ್ನನ್ನು ಅಣ್ಣ ಎನ್ನುತ್ತಾರೆ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಹಿರಿಯರಾಗಿ ಹದಿನಾರು ವರ್ಷ ಕಳೆದಿದ್ದೇವೆ.

ನನ್ನದು ಹಗ್ಗ ಮತ್ತು ಟಾರ್ಪಾಲಿನ ಅಂಗಡಿ. ಮೇಲೆ ಒಂದು ಕೋಣೆಯಿದೆ, ಹಗ್ಗದ ಸುರುಳಿಗಳನ್ನು ಅಲ್ಲಿ ಪೇರಿಸಿಟ್ಟಿದ್ದೇನೆ. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ. ಮೂರು ವರ್ಷದ ಹಿಂದೆ, ನಿವೃತ್ತರಾದ ಭೂಗೋಳದ ಮೇಷ್ಟ್ರು ಒಂದು ದಪ್ಪ ಪುಸ್ತಕ, ಮುಖಗಳು ಲೆಕ್ಕಕ್ಕಿಂತ ಜಾಸ್ತಿಯಿರುವ ನಾಲ್ಕಾರು ದಾಳಗಳನ್ನು ಹಿಡಿದುಕೊಂಡು ಬಂದು, "ನಿಮ್ಮ ಮೇಲಿನ ಕೋಣೆ ಕೊಡಿ, ಒಂದು ಆಟ ಆಡೋಣ," ಎಂದರು. ಆಟವೆಂದರೆ ಇಷ್ಟೇ. ಒಬ್ಬೊಬ್ಬರೂ ಒಂದೊಂದು ಪಾತ್ರ ಕಟ್ಟಿಕೊಳ್ಳಬೇಕು. ಮೇಷ್ಟ್ರು, ನೀವೀಗ ಇಂಥ ಗುಹೆಯ ಬಾಯಲ್ಲಿದ್ದೀರಿ, ಒಳಗಿಂದ ಏನೋ ಉಸಿರಾಡುವ ಸದ್ದು, ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ನಾವು ನಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತೇವೆ. ಆಯಿತೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಬೋರ್ಡಿಲ್ಲ, ಕಾಯಿಲ್ಲ, ಗೆದ್ದವರು ಸೋತವರು ಎಂಬುದೂ ಇಲ್ಲ. ಗೆಲುವಿಲ್ಲದ ಆಟಕ್ಕೆ ನಾನು ಕೂತದ್ದು ಅದೇ ಮೊದಲು. ಮೇಷ್ಟ್ರ ಜೊತೆ ನಾವು ನಾಲ್ವರು ಸೇರಿದೆವು, ಅಕ್ಕನೂ ಒಬ್ಬರು.

ನಮ್ಮ ಬೀದಿಯ ದರ್ಜಿ ಕೂಡಲೇ ಕತ್ತಿ ಕೇಳಿದ, ಮೇಲೆ ಕಬ್ಬಿಣದ ಅಂಗಿಯನ್ನೂ ಕೇಳಿದ. ದಿನವಿಡೀ ಮೆತ್ತನೆ ಬಟ್ಟೆ ಮುಟ್ಟುವವನ ಆಸೆ. ಆಸ್ಪತ್ರೆಯ ನರ್ಸಮ್ಮ, "ಇಲ್ಲೂ ಮದ್ದು ಹಚ್ಚೋದು ನನ್ನ ಹಣೆಬರಹ," ಎನ್ನುತ್ತ ಗಾಯ ವಾಸಿಮಾಡುವ ಮಂತ್ರಗಾತಿಯಾದರು. ನಾನು ದಲ್ಲಾಳಿಯಾದೆ. ಯಾರೂ ಆಶ್ಚರ್ಯಪಡಲಿಲ್ಲ.

ಅಕ್ಕನ ಸರದಿ ಬಂದಾಗ ಅವರು ಮೇಷ್ಟ್ರನ್ನು ಕೇಳಿದರು: "ಗುಹೆ ಒಳಗೆ ಕತ್ತಲೆ ತಾನೇ?"

"ಕಗ್ಗತ್ತಲೆ."

"ಹಾಗಾದ್ರೆ ಯಾರಾದ್ರೂ ದೀಪ ಹಿಡೀಬೇಕಲ್ಲ. ನಾನು ದೀಪದವಳು."

"ಆಯುಧ ಏನಮ್ಮ?"

"ದೀಪ ಹಿಡಿದ ಮೇಲೆ ಕೈ ಎಲ್ಲಿ ಖಾಲಿ ಇರುತ್ತೆ ಮೇಷ್ಟ್ರೇ? ಎಣ್ಣೆ ಎಷ್ಟಿದೆ ಅದನ್ನ ಹೇಳಿ."

ಅಂದಿನಿಂದ ಅವರು ಎಣ್ಣೆಯ ಲೆಕ್ಕ ಇಟ್ಟರು. ದರ್ಜಿ ರಾಕ್ಷಸನ ಕುತ್ತಿಗೆಗೆ ಕತ್ತಿ ಬೀಸುತ್ತಿರುವಾಗ ಅಕ್ಕ ಮಧ್ಯೆ ಬಾಯಿಹಾಕಿ, "ಬೇಗ ಮುಗಿಸಪ್ಪಾ, ಇನ್ನು ಅರ್ಧ ಗಂಟೆಗೆ ಆಗೋಷ್ಟೇ ಇದೆ," ಎನ್ನುತ್ತಿದ್ದರು. ದರ್ಜಿಗೆ ಸಿಟ್ಟು ಬರುತ್ತಿತ್ತು. ಆದರೆ ಅವರು ಹೇಳಿದ ಹೊತ್ತಿಗೆ ಸರಿಯಾಗಿ ಎಣ್ಣೆ ಮುಗಿಯುತ್ತಿತ್ತು.

ಆಟ ಶುರುವಾಗಿ ಒಂದು ವರ್ಷವಾದ ಮೇಲೆ ನಮಗೆ ತಿಳಿದದ್ದು, ಅಕ್ಕ ದೀಪದವಳ ಮೇಲೆ ಕಥೆ ಬರೆಯುತ್ತಿದ್ದಾರೆಂದು. ರಿಪೇರಿ ವಿವರ ಬರೆಯುವ ಉದ್ದನೆಯ ಪುಸ್ತಕವಿದೆಯಲ್ಲ, ಅದನ್ನು ತಿರುಗಿಸಿಕೊಂಡು ಹಿಂದಿನಿಂದ ಬರೆಯುತ್ತಿದ್ದರಂತೆ. ಮೊದಲ ಓದುಗರು ಅವರ ಅತ್ತಿಗೆ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ನಾದಿನಿ ಇಬ್ಬರೇ ಒಂದು ಮನೆಯಲ್ಲಿದ್ದಾರೆ. ಅತ್ತಿಗೆಯ ನಾಲಿಗೆ ಎಂಥದೆಂದರೆ, ಆ ಮನೆಗೆ ಬೇರೆ ಚಾಕು ಕೊಳ್ಳಬೇಕಾಗಿಲ್ಲ.

ಮೊದಲ ಕಥೆ ಓದಿದ ಆಕೆ ಬಟಾಣಿ ಸುಲಿಯುತ್ತ ಕೇಳಿದರಂತೆ: "ಇದೇನೇ ಇದು, 'ಹದಿನೇಳು ಬಿತ್ತು, ರಾಕ್ಷಸನಿಗೆ ಆರು ಕಮ್ಮಿಯಾಯಿತು'? ರಾಕ್ಷಸ ಏನು ಸಂತೆಗೆ ಬಂದಿದ್ನಾ?"

"ದಾಳದಲ್ಲಿ ಬಿದ್ದಿದ್ದು ಅತ್ತಿಗೆ. ಹಾಗೇ ಬರ್ದಿದ್ದೀನಿ."

"ನನಗೆ ದಾಳ ಕಾಣ್ಬಾರದು. ರಾಕ್ಷಸ ಕಾಣ್ಬೇಕು. ಹರಿದುಹಾಕು."

ಅಕ್ಕ ಹರಿದುಹಾಕಿ ಮತ್ತೆ ಬರೆದರು. ಅಂಕಿಗಳನ್ನು ತೆಗೆದರು, ಆದರೆ ಅಂಕಿಗಳು ಹೇಳಿದ್ದನ್ನು ಬದಲಾಯಿಸಲಿಲ್ಲ. ಆಟದಲ್ಲಿ ಸೋತ ಕಡೆ ಕಥೆಯಲ್ಲಿ ಗೆಲ್ಲಿಸುತ್ತಿರಲಿಲ್ಲ. ಅಲ್ಲಿ ಹಳ್ಳಕ್ಕೆ ಬಿದ್ದವನು ಇಲ್ಲೂ ಬೀಳಬೇಕು. ಆಮೇಲೆ ಯಾಕೆ ಬಿದ್ದ ಎಂದು ತಲೆಕೆಡಿಸಿಕೊಂಡು ಕೂರುತ್ತಿದ್ದರು. ನಮ್ಮ ಕೋಣೆಯಲ್ಲಿ ಅವರು ಓದಿದ ಒಂದು ತುಂಡು ನನಗೆ ಬಾಯಿಗೆ ಬರುತ್ತದೆ:

"ದೀಪ ಹಿಡಿದವಳು ಮುಂದೆ ನಡೆಯುತ್ತಾಳೆ. ಅವಳಿಗೆ ಜೊತೆಯವರು ಕಾಣುವುದಿಲ್ಲ, ಕೇಳಿಸುತ್ತಾರೆ ಅಷ್ಟೇ. ಕತ್ತಿಯವನ ಹೆಜ್ಜೆ ಹೆದರಿದಾಗ ಜೋರಾಗುತ್ತದೆ. ಮಂತ್ರಗಾತಿಯದು ದಣಿದಾಗ ಎಡಕ್ಕೆ ವಾಲುತ್ತದೆ. ದಲ್ಲಾಳಿಯ ಹೆಜ್ಜೆ ಒಮ್ಮೊಮ್ಮೆ ನಿಂತುಬಿಡುತ್ತದೆ. ಆಗ ಗೋಡೆಯಲ್ಲಿ ಏನೋ ಹೊಳೆಯುತ್ತಿದೆ ಎಂದು ಅವಳಿಗೆ ಗೊತ್ತಾಗುತ್ತದೆ."

ದರ್ಜಿ, "ನಾನು ಹೆದರಿದ್ದು ಯಾವಾಗ?" ಎಂದು ಜಗಳಕ್ಕೆ ನಿಂತ. ನನ್ನ ಬಗ್ಗೆ ಬರೆದದ್ದರಲ್ಲಿ ತಕರಾರು ತೆಗೆಯಲು ಏನೂ ಸಿಗಲಿಲ್ಲ.

ಎರಡು ವರ್ಷದಲ್ಲಿ ಹನ್ನೊಂದು ಕಥೆ ಆದವು. ಊರಿನ ಲೈಬ್ರರಿಯ ಮೇಡಂ ಅವನ್ನು ಓದಿ, ಟೈಪ್ ಮಾಡಿಸಿ, ರಟ್ಟು ಹಾಕಿಸಿ, ನಂಬರ್ ಕೊಟ್ಟು ಕಪಾಟಿನಲ್ಲಿ ಇಡುತ್ತೇನೆ ಎಂದರು. ಒಂದೇ ಷರತ್ತು: ಕೊನೆ ಇರಬೇಕು. ಅರ್ಧಕ್ಕೆ ನಿಂತ ಪುಸ್ತಕಕ್ಕೆ ನಂಬರ್ ಇಲ್ಲ. ಹೊಲಿದು ರಟ್ಟು ಹಾಕುವವನು ಬರುವುದು ತಿಂಗಳ ಕೊನೆಗೆ. ಆ ತಿಂಗಳೇ ಮೇಡಂಗೆ ಬೇರೆ ಊರಿಗೆ ವರ್ಗ. "ನನ್ನ ಜಾಗಕ್ಕೆ ಬರೋರು ಪುಸ್ತಕಕ್ಕಿಂತ ಧೂಳನ್ನೇ ಜಾಸ್ತಿ ಪ್ರೀತಿಸೋರು. ಅವರ ಕೈಗೆ ಕೊಟ್ರೆ ಮುಗೀತು. ಈ ತಿಂಗಳಲ್ಲಿ ಕೊಡಿ," ಎಂದಿದ್ದರು. ಅಕ್ಕ ಜೀವಮಾನವಿಡೀ ಬೇರೆಯವರ ಯಂತ್ರ ಸರಿಮಾಡಿದವರು. ತನ್ನ ಹೆಸರು ಹೊತ್ತ ಒಂದು ವಸ್ತು ಎಲ್ಲಾದರೂ ಇರಲಿ ಎಂಬ ಆಸೆ ಅವರಿಗಿತ್ತು. ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅತ್ತಿಗೆ ಹೇಳಿದರು, ಇಡೀ ಬೀದಿಗೆ ಕೇಳುವಂತೆ.

ಕೊನೆ ಇರಲಿಲ್ಲವೆಂದಲ್ಲ. ಇತ್ತು. ದೀಪದವಳು ನಾಲ್ಕು ತಿಂಗಳ ಹಿಂದೆಯೇ ಸತ್ತಿದ್ದಳು. ಸಾಯಿಸಿದವನು ನಾನು. ಅದು ನನಗೆ ಮತ್ತು ಮೇಷ್ಟ್ರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಆ ಭಾನುವಾರ ನಡೆದದ್ದು ಹೀಗೆ. ಆಟದಲ್ಲಿ ಒಂದು ಕಂದರ. ಅದಕ್ಕೆ ಹಗ್ಗದ ಸೇತುವೆ. ಆ ಸೇತುವೆಯನ್ನು ಹಿಂದಿನ ವಾರ ನಾವೇ ಕಟ್ಟಿದ್ದೆವು, ದಲ್ಲಾಳಿ ತಂದುಕೊಟ್ಟ ಹಗ್ಗದಿಂದ. ಹಿಂದೆ ಒಂದು ಮೃಗ ಅಟ್ಟಿಸಿಕೊಂಡು ಬರುತ್ತಿದೆ. ದೀಪದವಳು ಈಚೆ ದಡದಲ್ಲಿ ನಿಂತು ಬೆಳಕು ಹಿಡಿದಳು. ಕಬ್ಬಿಣದ ಅಂಗಿಯ ಕತ್ತಿಯವನು ದಾಟಿದ, ಮಂತ್ರಗಾತಿ ದಾಟಿದಳು, ಇಬ್ಬರೂ ಮುಂದಿನ ತಿರುವು ನೋಡಲು ಹೋದರು. ನನ್ನ ದಲ್ಲಾಳಿ ಬೆನ್ನ ಮೇಲೆ ಒಂದು ದೊಡ್ಡ ಚೀಲ ಹೊತ್ತು ದಾಟಿದ. ಕೊನೆಗೆ ಅವಳು ದೀಪ ಹಿಡಿದು ಸೇತುವೆಗೆ ಕಾಲಿಟ್ಟಳು. ಅವಳ ಹಿಂದೆ ಮೃಗವೂ ಬರುತ್ತದೆ. ಚೀಲ ಹೊತ್ತು ಓಡಲಾಗುವುದಿಲ್ಲ.

ನಮ್ಮ ಆಟದಲ್ಲಿ ಒಂದು ನಿಯಮವಿದೆ. ಬೇರೆಯವರಿಗೆ ತಿಳಿಯದಂತೆ ಏನಾದರೂ ಮಾಡಬೇಕಾದರೆ ಚೀಟಿಯಲ್ಲಿ ಬರೆದು ಮೇಷ್ಟ್ರ ಕೈಗೆ ಕೊಡಬಹುದು. ಚೀಟಿಯಲ್ಲಿರುವುದು ಬರೆದವನ ಸೊತ್ತು. ಅವನೇ ಮೇಜಿನ ಮುಂದೆ ಹೇಳುವವರೆಗೆ ಯಾರೂ ಅದನ್ನು ಎತ್ತುವ ಹಾಗಿಲ್ಲ. ನಾನು ಬರೆದೆ: "ಹಗ್ಗ ಕೊಯ್ಯುತ್ತೇನೆ." ಮೇಷ್ಟ್ರು ಓದಿದರು. ಕನ್ನಡಕದ ಮೇಲಿನಿಂದ ನನ್ನನ್ನು ಒಂದು ಸಲ ನೋಡಿದರು. ಪುಸ್ತಕದ ಮರೆಯಲ್ಲಿ ದಾಳ ಉರುಳಿಸಿದರು. ಆಮೇಲೆ ಹೇಳಿದರು: "ಸೇತುವೆ ಬಿತ್ತು. ದೀಪ ಕೆಳಗೆ ಹೋಗೋದು ಕಾಣುತ್ತೆ. ಸ್ವಲ್ಪ ಹೊತ್ತಾದ ಮೇಲೆ ಅದೂ ಕಾಣಲ್ಲ."

ದರ್ಜಿ ಕಣ್ಣೊರೆಸಿಕೊಂಡ, ಬೆವರು ಎಂದ. ಅಕ್ಕ ತಮ್ಮ ಹಾಳೆಯಲ್ಲಿ ಎಣ್ಣೆಯ ಲೆಕ್ಕಕ್ಕೆ ಒಂದು ಗೆರೆ ಎಳೆದು ಹಾಳೆ ಮಡಚಿದರು. ಹಗ್ಗವೇ ಹರಿಯಿತೆಂದು ಎಲ್ಲರೂ ತಿಳಿದರು. ಮುಂದಿನ ವಾರ ಕತ್ತಿಯವನು ಗುಹೆಯ ನಕ್ಷೆಯನ್ನೂ ಬೀಗದ ಕೈಗಳನ್ನೂ ದಲ್ಲಾಳಿಗೆ ಕೊಟ್ಟು, "ಇನ್ನು ಮೇಲೆ ನೀವೇ ಯಜಮಾನರು," ಎಂದ. ನಾನು ತೆಗೆದುಕೊಂಡೆ. ಕೊಟ್ಟದ್ದನ್ನು ಬೇಡ ಎಂದು ನನಗೆ ಅಭ್ಯಾಸವಿಲ್ಲ.

ಆ ತಿಂಗಳ ಎರಡನೆಯ ಮಂಗಳವಾರ ಬೆಳಿಗ್ಗೆ ಅಕ್ಕ ಪೆಟ್ಟಿಗೆಯ ಸಮೇತ ನನ್ನ ಅಂಗಡಿಗೆ ಬಂದರು. ನನ್ನ ಕಾಟಾ ಸರಿಯಾಗಿಯೇ ಇತ್ತು.

"ಅಣ್ಣಾ, ಹೆಬ್ಬೆರಳು ಗಾತ್ರದ ಹಗ್ಗ ಇದೆಯಲ್ಲ, ಮೂರೆಳೆದು. ಎರಡು ಮಾರು ಕೊಡಿ. ಕೊಂಡ್ಕೊಳ್ಳಲ್ಲ, ನೋಡ್ಬೇಕು."

"ಬೆಳಿಗ್ಗೆ ಬೆಳಿಗ್ಗೆ ಒಳ್ಳೆ ಬೋಣಿ ಮಾಡಿದ್ರಿ ಅಕ್ಕಾ."

ಅವರು ಹಗ್ಗವನ್ನು ನನ್ನ ಅಂಗಡಿಯ ತೊಲೆಯ ಕೊಕ್ಕೆಗೆ ಕಟ್ಟಿದರು. ಕೆಳತುದಿಗೆ ನನ್ನ ಕಾಟಾದ ಪಕ್ಕದ ಇಪ್ಪತ್ತು ಕಿಲೋದ ಬಟ್ಟು ತೂಗುಹಾಕಿದರು. ಸ್ವಲ್ಪ ಹೊತ್ತು ನೋಡಿದರು. ಇನ್ನೊಂದು ಇಪ್ಪತ್ತು. ಮತ್ತೊಂದು. ಟಾರ್ಪಾಲು ಕೊಳ್ಳಲು ಬಂದಿದ್ದ ಲಾರಿಯವನು ವ್ಯಾಪಾರ ಮರೆತು ನಿಂತ. ಪಕ್ಕದ ಪಾತ್ರೆ ಅಂಗಡಿಯವನೂ ಬಂದು ಸೇರಿದ. ನಾಲ್ಕನೆಯ ಬಟ್ಟು ಹಾಕಿದಾಗ ಹಗ್ಗ ಒಂದಿಷ್ಟು ಬಿಗಿಯಾಯಿತು, ಅಷ್ಟೇ. ಅಕ್ಕ ಅದನ್ನು ಹಿಡಿದು ತಾವೂ ಜೋತುಬಿದ್ದರು.

"ಅಕ್ಕಾ, ಏನು ಮಾಡ್ತಿದ್ದೀರಿ?"

"ಹರಿಯುತ್ತಾ ಅಂತ ನೋಡ್ತಿದ್ದೀನಿ."

"ನನ್ನ ಹಗ್ಗವಾ? ಇವರನ್ನೂ ಸೇರಿಸ್ಕೊಂಡು ಜೋತುಬೀಳಿ," ಎಂದು ಪಾತ್ರೆಯವನನ್ನು ತೋರಿಸಿದೆ. ಪಾತ್ರೆಯವನು ಒಳ್ಳೆಯ ಗಾತ್ರದ ಮನುಷ್ಯ. ಲಾರಿಯವನು ನಕ್ಕ.

ಅಕ್ಕ ಕೆಳಗಿಳಿದು ಕೈ ಒರೆಸಿಕೊಂಡರು. "ಅದೇ ತೊಂದರೆ ಅಣ್ಣಾ. ನಾಲ್ಕು ತಿಂಗಳಿಂದ ಆ ಕೊನೆ ಬರೆಯೋಕೆ ಕೂತ್ಕೋತೀನಿ. ಕಬ್ಬಿಣದ ಅಂಗಿ ಹಾಕಿದವನು ದಾಟಿದ, ಚೀಲ ಹೊತ್ತವನು ದಾಟಿದ, ಎಲ್ಲರಿಗಿಂತ ಹಗುರ ಇದ್ದವಳ ಕಾಲಡಿ ಹರೀತು ಅಂದ್ರೆ ಓದೋರು ನಂಬ್ತಾರಾ? ನಾನೇ ನಂಬಲ್ಲ. ಹರಿಯದ ಹಗ್ಗ ಹರಿಸೋಕೆ ನನ್ನ ಕೈಲಿ ಆಗ್ತಿಲ್ಲ. ಹದಿನೇಳು ದಿನ ಉಳಿದಿದೆ."

"ಅಯ್ಯೋ, ಕಥೆ ತಾನೇ. ಏನೋ ಒಂದು ಬರೀರಿ."

"ಒಂದೇ ದಾರಿ ಇದೆ. ನಿನ್ನೆ ಹೊಳೀತು." ಅವರು ಬಟ್ಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು. "ಆ ಹಗ್ಗ ತಂದುಕೊಟ್ಟವನು ದಲ್ಲಾಳಿ. ಅವನು ಒಳಗೆ ಕೊಳೆತಿದ್ದ ಹಗ್ಗ ಕೊಟ್ಟಿದ್ದ. ಮೇಲೆ ಚೆನ್ನಾಗಿ ಕಾಣೋದು, ಒಳಗಿನ ಎಳೆ ಪುಡಿಪುಡಿ. ಮೂರು ಜನ ದಾಟೋವರೆಗೂ ತಡೀತು, ನಾಲ್ಕನೆಯವಳಿಗೆ ಹೋಯ್ತು. ಹಾಗೆ ಬರೆದ್ರೆ ಸರಿಯಾಗುತ್ತೆ, ಅಲ್ವಾ?"

ಲಾರಿಯವನು ನನ್ನ ಮುಖ ನೋಡಿದ. ಪಾತ್ರೆಯವನು, "ಸರಿಯಾಗುತ್ತೆ ಅಕ್ಕ, ಚೆನ್ನಾಗಿ ಕೂತ್ಕೊಳ್ಳುತ್ತೆ," ಎಂದ. ಅವನಿಗೆ ನನ್ನ ಮೇಲೆ ಹಳೆಯ ಪ್ರೀತಿ.

ಈ ಊರಿನಲ್ಲಿ ಹಗ್ಗ ಮಾರುವವನು ನಾನೊಬ್ಬನೇ. ಆ ದಲ್ಲಾಳಿ ಯಾರೆಂದು ಲೈಬ್ರರಿಯಲ್ಲಿ ಫ್ಯಾನಿನ ಗಾಳಿಗೆ ಬಂದು ಕೂರುವವನಿಗೂ ಗೊತ್ತು. ನನ್ನ ತಾತ, ನನ್ನಪ್ಪ, ನಾನು, ಮೂರು ತಲೆ ಈ ಅಂಗಡಿಯಲ್ಲಿ ಕೂತಿದ್ದೇವೆ. ಜಿಪುಣ ಎಂದು ಬರೆಯಲಿ, ಹೇಡಿ ಎಂದು ಬರೆಯಲಿ, ಎರಡನ್ನೂ ಎದುರಿಗೇ ಕೇಳಿಸಿಕೊಂಡಿದ್ದೇನೆ. ಕೊಳೆತ ಹಗ್ಗ ಮಾರಿದವನು ಎಂದು ನಂಬರ್ ಹಾಕಿ ಕಪಾಟಿನಲ್ಲಿ ಇಟ್ಟುಬಿಟ್ಟರೆ? ಗಿರಾಕಿಗಳನ್ನು ಸಾಗಹಾಕಿ, ಅಕ್ಕನನ್ನು ಒಳಗಿನ ಸುರುಳಿಗಳ ಹತ್ತಿರ ಕರೆದೆ.

"ಅಕ್ಕಾ, ನನ್ನ ಹಗ್ಗ ಕೊಳೆತಿರಲಿಲ್ಲ. ನಾನೇ ಕೊಯ್ದೆ."

ಮನಸ್ಸಾಕ್ಷಿ ಚುಚ್ಚಿ ಹೇಳಿದೆ ಎಂದರೆ ಸುಳ್ಳಾಗುತ್ತದೆ. ಮಾಲಿನ ಮಾನ ಉಳಿಸಿಕೊಳ್ಳಲು ಹೇಳಿದೆ.

ಅಕ್ಕ ಹೊರಗೆ ಹೋಗಿ ನಾಲ್ಕು ಬಟ್ಟುಗಳನ್ನೂ ಪೆಟ್ಟಿಗೆಯ ಬಟ್ಟೆಯಲ್ಲಿ ಒರೆಸಿ, ಕಾಟಾದ ಪಕ್ಕ ಅವುಗಳ ಜಾಗದಲ್ಲಿ ಕೂರಿಸಿದರು. ಯಾಕೆ ಕೊಯ್ದಿರಿ ಎಂದು ಕೇಳುತ್ತಾರೆಂದು ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವರು ಕೇಳಿದ್ದು ಬೇರೆ.

"ಯಾವ ಕೈಲಿ?"

"ಏನು?"

"ಚೀಲ ಒಂದು ಹೆಗಲ ಮೇಲಿತ್ತಲ್ಲ. ಚಾಕು ಯಾವ ಕೈಲಿತ್ತು?"

"ಬಲಗೈ ಅಂತಿಟ್ಕೊಳ್ಳಿ. ಅಕ್ಕಾ, ಒಂದು ಮಾತು. ಕೊಯ್ದದ್ದು ಮೃಗ, ಹಲ್ಲಲ್ಲಿ ಕಚ್ಚಿತು ಅಂತ ಬರೀರಿ. ಹಗ್ಗವೂ ಉಳೀತು, ನಾನೂ ಉಳಿದೆ."

"ಮೃಗ ಅವಳ ಹಿಂದಿತ್ತು. ಹಗ್ಗದ ಗಂಟು ನಿಮ್ಮ ದಡದಲ್ಲಿತ್ತು."

"ಹಾಗಾದ್ರೆ ಇದ್ದದ್ದನ್ನೇ ಬರೀರಿ. ನಾನು ಹೇಳಿದೆ ಅಂತ ಯಾರಿಗೂ ಹೇಳ್ಬೇಡಿ. ನೀವೇ ಊಹಿಸಿದ ಹಾಗಿರಲಿ."

"ಚೀಟಿ ನಿಮ್ಮದಣ್ಣ. ನೀವು ಮೇಜಿನ ಮುಂದೆ ಹೇಳೋವರೆಗೂ ನಾನು ಬರೆಯೋ ಹಾಗಿಲ್ಲ."

"ಹೇಳದೇ ಇದ್ರೆ?"

"ಇದ್ರೆ ಏನು, ಕೊನೆ ಇಲ್ಲ. ಕೊಳೆತಿತ್ತು ಅಂತ ಬರೆಯೋಕೂ ಈಗ ಆಗಲ್ಲ. ಗೊತ್ತಾಯ್ತಲ್ಲ." ಅವರು ಪೆಟ್ಟಿಗೆ ಮುಚ್ಚಿದರು. ಅಂದರೆ ನನ್ನ ಹಗ್ಗ ಅಲ್ಲಿಗೇ ಬಚಾವಾಗಿತ್ತು. ನಾನಿನ್ನು ಬಾಯಿ ಮುಚ್ಚಿಕೊಂಡಿದ್ದರೆ ನನಗೆ ನಷ್ಟವಿಲ್ಲ, ಅವರ ಪುಸ್ತಕ ಇಲ್ಲ. ಇಷ್ಟು ಸಲೀಸಾದ ವ್ಯವಹಾರವನ್ನು ಎದುರಿನವರು ತಾವಾಗಿ ನನ್ನ ಕೈಗೆ ಕೊಟ್ಟದ್ದು ಅದೊಂದೇ ಸಲ.

ನಾನು ಬಾಯಿ ಮುಚ್ಚಿಕೊಂಡೆ. ಮುಂದಿನ ಭಾನುವಾರ ಎಲ್ಲರೂ ಬಂದರು. ದೀಪದವಳು ಹೋದ ಮೇಲೆ ಅಕ್ಕ ಒಬ್ಬ ಮೂಟೆ ಹೊರುವವಳ ಪಾತ್ರ ಕಟ್ಟಿಕೊಂಡಿದ್ದರು, ಆದರೆ ಅವಳ ಮೇಲೆ ಒಂದು ಸಾಲೂ ಬರೆದಿರಲಿಲ್ಲ. ಅಂದು ತಮ್ಮ ಸರದಿಗೆ ದಾಳ ಉರುಳಿಸಿದರು. ನನ್ನತ್ತ ನೋಡಲಿಲ್ಲ. ದರ್ಜಿ ಮಾತ್ರ ಎರಡೆರಡು ಸಲ, "ಯಜಮಾನ್ರು ಹೇಳಿದ ದಾರಿ," "ಯಜಮಾನ್ರು ಹೇಳಿದ ಬಾಗಿಲು," ಎನ್ನುತ್ತಿದ್ದ. ಆ ಮಾತು ನನಗೆ ರುಚಿ ಹತ್ತಿಬಿಟ್ಟಿತ್ತು. ಆಟದಲ್ಲಿ ಜೊತೆಯವಳ ಕಾಲಡಿಯ ಹಗ್ಗ ಕೊಯ್ದವನು ಅಂಗಡಿಯಲ್ಲಿ ಅಳತೆ ಕೊಯ್ಯುವುದಿಲ್ಲವೇ ಎಂದು ದರ್ಜಿ ಕೇಳದೆ ಬಿಡುವವನಲ್ಲ. ಮೇಷ್ಟ್ರು ಒಂದೆರಡು ಸಲ ಕೆಮ್ಮಿದರು. ನಾನು ಕಿಟಕಿ ಮುಚ್ಚಿದೆ, ಗಾಳಿ ಎಂದು.

ಗುರುವಾರ ಅತ್ತಿಗೆ ಬಂದರು. ಚೀಲ ಕೌಂಟರಿನ ಮೇಲಿಟ್ಟು, ಉಸಿರು ತೆಗೆದುಕೊಂಡು ಶುರುಮಾಡಿದರು.

"ಏನ್ರೀ, ನಮ್ಮನೆಯವಳ ಕಥೆಯ ಕೊನೆ ನಿಮ್ಮ ಹತ್ರ ಇದೆಯಂತೆ?"

"ಯಾರಮ್ಮ ಹೇಳಿದ್ದು?"

"ಅವಳು ಹೇಳ್ತಾಳಾ? ಅವಳ ಬಾಯಿಂದ ಮಾತು ತೆಗೆಯೋದು ಸಿಕ್ಕಿಹಾಕಿಕೊಂಡ ಬೀಗ ತೆಗೆದ ಹಾಗೆ. ಯಾಕೆ ಬರೀತಿಲ್ಲ ಅಂದೆ. 'ಇನ್ನೊಬ್ಬರ ಹತ್ರ ಇದೆ, ಅವರು ಕೊಡ್ಬೇಕು' ಅಂದ್ಲು. ಹೋದ ವಾರ ಮಂಗಳವಾರ ಇಲ್ಲಿಗೆ ಬಂದು ಹೋದಾಗಿಂದ ಹೀಗಿದ್ದಾಳೆ. ಇನ್ನು ಯಾರ ಹತ್ರ ಇರುತ್ತೆ? ಏನದು, ಬಂಗಾರವಾ? ಗೋಡೌನಲ್ಲಿ ಇಟ್ಕೊಂಡ್ರೆ ಮರಿ ಹಾಕುತ್ತಾ?"

"ಅದು ಸ್ವಲ್ಪ ಸೂಕ್ಷ್ಮದ ವಿಷಯ."

"ಸೂಕ್ಷ್ಮ ನಿಮಗೆ ಗೊತ್ತಾ? ಎರಡು ವರ್ಷ ಓದಿದ್ದೀನಿ ನಾನು, ಹನ್ನೊಂದು ಕಥೆ. ಆ ಹುಡುಗಿ ಸತ್ತಿದ್ದಾಳೆ ಅಂತ ಗೊತ್ತು, ಹೇಗೆ ಅಂತ ಗೊತ್ತಿಲ್ಲ. ದಿನಾ ಅನ್ನ ಮಾಡ್ತಾ ಅದೇ ಯೋಚನೆ. ಇವಳು ನೋಡಿದ್ರೆ ಪುಸ್ತಕ ತೆಗೀತಾಳೆ, ಪೆನ್ನು ಹಿಡೀತಾಳೆ, ಮುಚ್ಚಿಡ್ತಾಳೆ. ನಮ್ಮೆಜಮಾನ್ರು ಹೋದಾಗ್ಲೂ ಅವಳು ಹೀಗೆ ಕೂತಿರಲಿಲ್ಲ." ಅವರು ಚೀಲ ಎತ್ತಿಕೊಂಡರು. "ಕೊಡೋ ಹಾಗಿದ್ರೆ ಕೊಡಿ. ಇಲ್ಲಾಂದ್ರೆ ಕೊಡಲ್ಲ ಅಂತ ಅವಳ ಮುಖ ನೋಡಿ ಹೇಳಿ. ಅದಕ್ಕೂ ಧೈರ್ಯ ಇಲ್ವಾ?"

ಹೊರಡುವಾಗ ಅರ್ಧ ಮಾರು ಹುರಿ ಕೇಳಿ, ಸುಮ್ಮನೆ ತೆಗೆದುಕೊಂಡು ಹೋದರು. ನಾನು ಕೊಟ್ಟೆ.

ಆ ತಿಂಗಳ ಕೊನೆಯ ಭಾನುವಾರ ಮೇಷ್ಟ್ರು ಪುಸ್ತಕ ತೆರೆಯುವ ಮೊದಲೇ ನಾನು, "ಒಂದು ಚೀಟಿ ವಿಷಯ ಇದೆ," ಎಂದೆ. ಸೇತುವೆ, ಚೀಲ, ಚಾಕು, ಮೂರೂ ಹೇಳಿದೆ. ನಾಲ್ಕು ಮಾತಿನಲ್ಲಿ ಮುಗಿಯಿತು. ಇಷ್ಟು ಚಿಕ್ಕದನ್ನು ಇಷ್ಟು ದಿನ ಹೊತ್ತದ್ದು ಯಾಕೆಂದು ನನಗೇ ಅನಿಸಿತು.

ಮೇಷ್ಟ್ರು ಕುರ್ಚಿಗೆ ಒರಗಿ, "ಅಬ್ಬಾ, ನಾಲ್ಕು ತಿಂಗಳು ಹೊಟ್ಟೇಲಿ ಕಲ್ಲಿಟ್ಕೊಂಡಿದ್ದೆ ಕಣ್ರೀ," ಎಂದರು. ನರ್ಸಮ್ಮ, "ನಾನು ಅವತ್ತೇ ಅಂದ್ಕೊಂಡೆ, ಬರೆಯುವಾಗ ಇವರ ಕಿವಿ ಕೆಂಪಾಗಿತ್ತು," ಎಂದರು. ದರ್ಜಿ ಕೈಯಲ್ಲಿದ್ದ ದಾಳವನ್ನು ಮೇಜಿನ ಮೇಲಿಟ್ಟು, ಅದನ್ನೇ ನೋಡಿದ.

"ನಕ್ಷೆ ಕೊಡಿ," ಎಂದ ಕೊನೆಗೆ.

ಕೊಟ್ಟೆ.

"ಬೀಗದ ಕೈ."

ಆಟದಲ್ಲಿ ಬೀಗದ ಕೈಗಳೆಂದರೆ ಹಾಳೆಯ ಮೇಲೆ ಬರೆದ ಒಂದು ಸಾಲು. ಅದನ್ನು ಹೊಡೆದುಹಾಕಿದೆ.

"ನಾನು ಆ ಹೆಂಗಸಿಗೋಸ್ಕರ ಅತ್ತಿದ್ದೀನಿ ರೀ," ಎಂದ ದರ್ಜಿ. "ನನ್ನ ಹೆಂಡತಿ ಏನಾಯ್ತು ಅಂತ ಕೇಳಿದ್ಲು, ಹೇಳೋಕೆ ನಾಚಿಕೆಯಾಗಿ ಹಲ್ಲುನೋವು ಅಂದೆ. ನೀವು ಪಕ್ಕದಲ್ಲಿ ಕೂತು ನನಗೆ ನೀರು ಕೊಟ್ರಿ!"

"ಕೊಟ್ಟಿದ್ದೆ."

"ಇನ್ನು ಮೇಲೆ ಟಾರ್ಪಾಲು ಬೇರೆ ಕಡೆ ತಗೋತೀನಿ." ಅವನು ಎರಡು ತಿಂಗಳು ಹಾಗೇ ಮಾಡಿದ. ದಾರಿಯಲ್ಲಿ ಸಿಕ್ಕಿದರೆ ಅಂಗಡಿಯ ಬೋರ್ಡಿಗೆ ನಮಸ್ಕಾರ ಮಾಡುತ್ತಿದ್ದ, ನನಗಲ್ಲ.

ಇಷ್ಟೆಲ್ಲ ನಡೆಯುವಾಗ ಅಕ್ಕ ಬರೆದುಕೊಳ್ಳುತ್ತಿದ್ದರು. ಗಲಾಟೆ ತಣ್ಣಗಾದ ಮೇಲೆ ತಲೆಯೆತ್ತಿ ಕೇಳಿದರು: "ಚೀಲದಲ್ಲಿ ಏನಿತ್ತು ಅಣ್ಣಾ?"

ನಾನು ಮೇಷ್ಟ್ರ ಮುಖ ನೋಡಿದೆ. ಮೇಷ್ಟ್ರು, "ಅವರು ಯಾವತ್ತೂ ಬಿಚ್ಚಿ ನೋಡ್ಲೇ ಇಲ್ಲ," ಎಂದರು. ಅದು ನಿಜ. ಹೊತ್ತು ತಂದ ಮೇಲೆ ಬೇರೆ ಗಡಿಬಿಡಿಯಲ್ಲಿ ಅದು ನನಗೆ ಮರೆತೇಹೋಗಿತ್ತು. ಅಕ್ಕ ಅದನ್ನೂ ಬರೆದುಕೊಂಡರು.

ಮೂರು ದಿನದಲ್ಲಿ ಹನ್ನೆರಡನೆಯ ಕಥೆ ಮುಗಿಯಿತು. ಬೈಂಡಿನವನು ಬರುವ ಹಿಂದಿನ ದಿನ ಮೇಡಂ ಕೈಸೇರಿತು. ವರ್ಗವಾಗಿ ಹೋಗುವ ಮೊದಲು ಅವರು ತಾವೇ ಹಿಂಬದಿಗೆ ನಂಬರ್ ಅಂಟಿಸಿ ಕಪಾಟಿನಲ್ಲಿಟ್ಟರು, ನೀಲಿ ರಟ್ಟು, ಎಡಗಡೆಯ ಮೂರನೆಯ ಅಡ್ಡಹಲಗೆ. ಅತ್ತಿಗೆ ಮನೆಯಲ್ಲಿ ಕೈಬರಹ ಓದಿದ್ದು ಸಾಲದೆಂದು ಅಲ್ಲಿಗೂ ಹೋಗಿ, ಕಾರ್ಡಿನ ಮೇಲೆ ಮೊದಲ ಸಹಿ ಹಾಕಿ ಪುಸ್ತಕ ಮನೆಗೆ ಒಯ್ದರು. ಅಕ್ಕನ ಹೆಸರು ಮುಖಪುಟದ ಮೇಲೆ ಸ್ವಲ್ಪ ಓರೆಯಾಗಿ ಅಚ್ಚಾಗಿತ್ತು. ಮುಳ್ಳು ಒಂದು ಕೂದಲೆಳೆ ಓರೆಯಾದರೂ ಬಿಡದವರು ಅದನ್ನು ಹಾಗೇ ಬಿಟ್ಟರು.

ಅತ್ತಿಗೆ ವಾಪಸು ತಂದಿಟ್ಟ ಮೇಲೆ ಒಂದು ಬುಧವಾರ ನಾನು ಹೋದೆ. ಕೂತು ಓದಿದರೆ ಯಾರಾದರೂ ಮಾತಿಗೆಳೆಯುತ್ತಾರೆಂದು ಕಪಾಟಿನ ಸಂದಿಯಲ್ಲಿ ನಿಂತೇ ಕೊನೆಯ ಕಥೆ ಓದಿದೆ. ದಲ್ಲಾಳಿಯನ್ನು ಬೈದಿರುತ್ತಾರೆ ಎಂದುಕೊಂಡಿದ್ದೆ. ಮನೆಯಲ್ಲಿ ಹಸಿದ ಮಕ್ಕಳನ್ನು ಕೊಟ್ಟು ಒಳ್ಳೆಯವನನ್ನಾಗಿ ಮಾಡಿದ್ದರೆ ಅದು ಬೈಗುಳಕ್ಕಿಂತ ಕಡೆ, ಹಾಗೆ ಮಾಡಿರಬಹುದು ಎಂಬ ಅಂಜಿಕೆಯೂ ಇತ್ತು. ಎರಡೂ ಇರಲಿಲ್ಲ. ಅಲ್ಲಿದ್ದದ್ದು ಇದು:

"ನಡುಸೇತುವೆಯಲ್ಲಿ ಅವಳಿಗೆ ಚಾಕು ಕಂಡಿತು. ಬಲಗೈ. ಎಡಹೆಗಲ ಮೇಲೆ ಚೀಲ. ಅವನು ಗಂಟು ಎಲ್ಲಿದೆಯೆಂದು ಬೆರಳಲ್ಲಿ ತಡಕುತ್ತಿದ್ದ. ಅವಳ ಹಿಂದೆ ಹಲಗೆ ಕಿರುಗುಟ್ಟಿತು, ಅದು ಅವಳ ಕಾಲಿನ ಭಾರವಲ್ಲ. ಹಿಂದಕ್ಕೆ ಹೋಗುವಂತಿಲ್ಲ, ಮುಂದಕ್ಕೆ ಓಡಿದರೆ ಹಿಂದಿನದೂ ಓಡುತ್ತದೆ. ಕತ್ತಲಲ್ಲಿ ಕೊಯ್ದರೆ ಒಂದು ಎಳೆ ಉಳಿದುಬಿಡುತ್ತದೆ, ಆ ಒಂದು ಎಳೆಯ ಮೇಲೆ ಮೃಗ ದಾಟಿಬಿಡುತ್ತದೆ. ಅವಳು ದೀಪವನ್ನು ತಲೆಯ ಮೇಲೆತ್ತಿ ಹಿಡಿದಳು. ಕೆಲಸ ಮಾಡುವವನಿಗೆ ಕೈ ಕಾಣಬೇಕು."

ಆಮೇಲೆ ಎರಡು ಪುಟ ದಲ್ಲಾಳಿಯದು. ಅವನು ಜೊತೆಯವರನ್ನು ಸೇರಿಕೊಳ್ಳುತ್ತಾನೆ, ಹಗ್ಗ ಹರಿಯಿತು ಎನ್ನುತ್ತಾನೆ, ಅಳುತ್ತಿರುವವನಿಗೆ ನೀರು ಕೊಡುತ್ತಾನೆ. ಚೀಲವನ್ನು ಊರಿನವರೆಗೂ ಹೊತ್ತುಕೊಂಡು ಹೋಗುತ್ತಾನೆ. ಬಿಚ್ಚಿ ನೋಡುವುದಿಲ್ಲ. ಯಾಕೆ ನೋಡುವುದಿಲ್ಲ ಎಂದು ಅಕ್ಕ ಹೇಳಿಲ್ಲ.

ಪುಸ್ತಕ ಜಾಗದಲ್ಲಿಟ್ಟು ಅಂಗಡಿಗೆ ಬಂದೆ. ಆ ಮಧ್ಯಾಹ್ನ ಬಂದ ಗಿರಾಕಿ ಹತ್ತು ಮಾರು ಕೇಳಿದರೆ, ಎಂದಿನಂತೆ ಇನ್ನೆರಡು ತಗುಲಿಸದೆ ಹತ್ತೇ ಮಾರು ಅಳೆದುಕೊಟ್ಟು, ಮಾತಿಲ್ಲದೆ ಕಳಿಸಿದೆ. ಅವನು ತಿರುಗಿ ತಿರುಗಿ ನೋಡುತ್ತ ಹೋದ.

ಅಕ್ಕ ಈಗಲೂ ಭಾನುವಾರ ಬರುತ್ತಾರೆ. ಮೂಟೆ ಹೊರುವವಳ ಮೇಲೆ ಒಂದು ಕಥೆ ಶುರುವಾಗಿದೆ ಎಂದು ಅತ್ತಿಗೆ ಸುದ್ದಿ ಹಬ್ಬಿಸಿದ್ದಾರೆ. ದರ್ಜಿ ಮತ್ತೆ ಟಾರ್ಪಾಲಿಗೆ ಬರುತ್ತಿದ್ದಾನೆ, ಅಳತೆಯನ್ನು ಮಾತ್ರ ತನ್ನ ಟೇಪಿನಲ್ಲಿ ಇನ್ನೊಮ್ಮೆ ನೋಡಿಕೊಳ್ಳುತ್ತಾನೆ. ಅಂಗಡಿಯ ಒಳಗೆ ಅಕ್ಕನಿಗೆ, ಮೇಜಿನ ಮುಂದೆ ಎಲ್ಲರಿಗೆ, ನಾನೇ ಕೊಯ್ದೆ ಎಂದು ಎರಡು ಸಲ ಹೇಳಿದ್ದೇನೆ. ತಪ್ಪಾಯಿತು ಎಂದು ಒಂದು ಸಲವೂ ಹೇಳಿಲ್ಲ. ಆ ಒಂದು ಮಾತನ್ನು ನಾನು ತಕ್ಕಡಿ ಅಕ್ಕನಿಗೆ ಕೊಡಬೇಕು.